ಇತಿಹಾಸದ ಅಧ್ಯಾಪಕರ ಕಾಗದಪತ್ರಗಳು

ಗತಕಾಲದ ಪ್ರತಿಯೊಂದು ಸಂಗತಿಗೂ ಆಧಾರವನ್ನು ಕೇಳುವ ಶಾಸ್ತ್ರವೆಂದು ಇತಿಹಾಸಕ್ಕೆ ಹೆಸರಿದ್ದರೂ, ಇತಿಹಾಸವನ್ನು ಓದಿದವರು, ಬರೆದವರು ಮತ್ತು ಕಲಿಸಿದವರು ಬಿಟ್ಟುಹೋದ ಆಧಾರಗಳನ್ನು ಕಾಪಾಡುವ ಕೆಲಸ ಕನ್ನಡ ನಾಡಿನಲ್ಲಿ ಇನ್ನೂ ಒಂದು ವ್ಯವಸ್ಥೆಯಾಗಿ ನೆಲೆಗೊಂಡಿಲ್ಲ. ಪ್ರಾಧ್ಯಾಪಕರೊಬ್ಬರು ನಿವೃತ್ತರಾದಾಗ ಅಥವಾ ತೀರಿಕೊಂಡಾಗ ಅವರ ಅಚ್ಚಾದ ಪುಸ್ತಕಗಳು ಗ್ರಂಥಾಲಯಗಳಲ್ಲಿ ಉಳಿಯುತ್ತವೆ. ಆದರೆ ಆ ಪುಸ್ತಕಗಳಿಗೆ ಮೊದಲು ಹುಟ್ಟಿದ ಟಿಪ್ಪಣಿಗಳು, ಶಾಸನಗಳ ನಕಲುಗಳು, ತರಗತಿಗಾಗಿ ಬರೆದುಕೊಂಡ ಪಾಠದ ಹಾಳೆಗಳು, ಪ್ರಶ್ನೆಪತ್ರಿಕೆಗಳ ಕರಡುಗಳು ಹಾಗೂ ವಿದ್ವಾಂಸರೊಡನೆ ನಡೆದ ಪತ್ರವ್ಯವಹಾರ ಮನೆಯ ಅಟ್ಟದಲ್ಲಿ ಕೆಲವು ಕಾಲ ಇದ್ದು, ಮನೆ ಬದಲಾಯಿಸುವ ಹೊತ್ತಿಗೆ ರದ್ದಿ ಕಾಗದವಾಗಿ ತೂಕಕ್ಕೆ ಹೋಗುತ್ತವೆ. ಅಧ್ಯಾಪಕರ ಇಂಥ ಕಾಗದಪತ್ರಗಳ ಬೆಲೆಯೇನು, ಅವುಗಳನ್ನು ಯಾವ ಕ್ರಮದಲ್ಲಿ ಕಾಪಾಡಬೇಕು, ಆ ಹೊಣೆ ಯಾರದು ಎಂಬುದು ಈ ಭಾಷಣದ ವಿಷಯ.

ಸರ್ಕಾರದ ಕಡತಗಳನ್ನೂ ಸಂಸ್ಥೆಗಳ ಮತ್ತು ವ್ಯಕ್ತಿಗಳ ದಾಖಲೆಗಳನ್ನೂ ಮುಂದಿನವರ ಅಧ್ಯಯನಕ್ಕಾಗಿ ಶಾಶ್ವತವಾಗಿ ಇಡುವ ಸ್ಥಳಕ್ಕೆ ಪತ್ರಾಗಾರವೆಂದು ಹೆಸರು. ಭಾರತದ ರಾಷ್ಟ್ರೀಯ ಪತ್ರಾಗಾರವು 1891ರ ಮಾರ್ಚ್ 11ರಂದು ಕಲ್ಕತ್ತೆಯಲ್ಲಿ ಸಾಮ್ರಾಜ್ಯದ ದಾಖಲೆ ಇಲಾಖೆಯಾಗಿ ಆರಂಭವಾಯಿತು. ರಾಜಧಾನಿಯ ಜೊತೆಯಲ್ಲಿ ದೆಹಲಿಗೆ ಬಂದ ಈ ಸಂಸ್ಥೆಗೆ 1926ರಲ್ಲಿ ಸ್ವಂತ ಕಟ್ಟಡ ದೊರೆಯಿತು. ವಿಜಯನಗರದ ಸಾಮಾಜಿಕ ಮತ್ತು ರಾಜಕೀಯ ಜೀವನವನ್ನು ಕುರಿತ ದೊಡ್ಡ ಗ್ರಂಥವನ್ನು 1934ರಲ್ಲಿ ಹೊರತಂದ, ದಕ್ಷಿಣ ಕನ್ನಡ ಮೂಲದ ಇತಿಹಾಸಕಾರ ಭಾಸ್ಕರ ಆನಂದ ಸಾಲೆತ್ತೂರರು ಈ ಸಂಸ್ಥೆಯ ನಿರ್ದೇಶಕರಾಗಿದ್ದವರು ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದವರು. ದಾಖಲೆಗಳನ್ನು ಕಾಯುವ ಕೆಲಸವೂ ಅವುಗಳನ್ನು ಓದಿಸುವ ಕೆಲಸವೂ ಒಬ್ಬರ ಬದುಕಿನಲ್ಲೇ ಕೂಡಿಬಂದ ಈ ನಿದರ್ಶನವು ಎರಡೂ ಕೆಲಸಗಳು ಒಂದೇ ಶಾಸ್ತ್ರದ ಭಾಗಗಳೆಂಬುದನ್ನು ನೆನಪಿಸುತ್ತದೆ.

ಅಧ್ಯಾಪಕರೊಬ್ಬರ ಬರಹಗಳನ್ನು ಉಳಿಸಿಕೊಂಡ ಮಾದರಿಯೊಂದು ಕನ್ನಡ ನಾಡಿನಲ್ಲೇ ಇದೆ. ಬೆಂಗಳೂರಿನ ಬಳಿಯ ನೆಲಮಂಗಲದ ಆಸುಪಾಸಿನ ಸೊಂಡೆಕೊಪ್ಪವೆಂಬ ಊರಿನ ಹೆಸರನ್ನು ತಮ್ಮ ಹೆಸರಿನ ಮೊದಲ ಅಕ್ಷರವಾಗಿ ಹೊತ್ತಿದ್ದವರು ಸೊಂಡೆಕೊಪ್ಪ ಶ್ರೀಕಂಠಶಾಸ್ತ್ರಿಗಳು. 1904ರ ನವೆಂಬರ್ 5ರಂದು ನಂಜನಗೂಡಿನಲ್ಲಿ ಹುಟ್ಟಿದ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇತಿಹಾಸವನ್ನು ಕಲಿಸಿ, ವಿಭಾಗದ ಮುಖ್ಯಸ್ಥರಾಗಿ 1960ರಲ್ಲಿ ನಿವೃತ್ತರಾದರು. 1974ರ ಮೇ 10ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಇಂಗ್ಲಿಷಿನಲ್ಲಿ ಅವರು ಬರೆದ, ಕರ್ನಾಟಕ ಇತಿಹಾಸದ ಮೂಲಾಧಾರಗಳನ್ನು ಸಂಗ್ರಹಿಸಿಕೊಡುವ ಗ್ರಂಥದ ಮೊದಲ ಸಂಪುಟವನ್ನು ಮೈಸೂರು ವಿಶ್ವವಿದ್ಯಾಲಯವು 1940ರಲ್ಲಿ ಪ್ರಕಟಿಸಿತು; ಕನ್ನಡದ ಸಾಮಾನ್ಯ ಓದುಗರಿಗಾಗಿ ಬರೆದ 'ಭಾರತೀಯ ಸಂಸ್ಕೃತಿ' 1954ರಲ್ಲಿ ಬಂದಿತು; ಗೆಳೆಯರೂ ಶಿಷ್ಯರೂ ಸೇರಿ 1973ರಲ್ಲಿ 'ಶ್ರೀಕಂಠಿಕಾ' ಎಂಬ ಅಭಿನಂದನ ಗ್ರಂಥವನ್ನು ಅರ್ಪಿಸಿದರು. ಹಲವು ನಿಯತಕಾಲಿಕೆಗಳಲ್ಲಿ ಚದುರಿಹೋಗಿದ್ದ ಅವರ ಲೇಖನಗಳನ್ನೂ ಪುಸ್ತಕ ವಿಮರ್ಶೆಗಳನ್ನೂ ಮುನ್ನುಡಿಗಳನ್ನೂ ಅವರ ಕುಟುಂಬದವರು ಒಂದೆಡೆ ಕೂಡಿಸಿ, ಡಿಜಿಟಲ್ ರೂಪಕ್ಕೆ ತಂದು, ಎಲ್ಲ ಓದುಗರಿಗೂ ಸಿಗುವಂತೆ ಮಾಡಿರುವುದು ಕರ್ನಾಟಕದ ಮಟ್ಟಿಗೆ ಮೆಚ್ಚಬೇಕಾದ ಮಾದರಿ. ಸಂಸ್ಥೆಗಳು ಮಾಡಬೇಕಾದ ಕೆಲಸವನ್ನು ಒಂದು ಮನೆತನ ಮಾಡಿ ತೋರಿಸಿದೆ. ಅಂಥ ಮನೆತನದ ಭಾಗ್ಯವಿಲ್ಲದ ನೂರಾರು ಅಧ್ಯಾಪಕರ ಬರಹಗಳ ಗತಿಯೇನು ಎಂಬ ಪ್ರಶ್ನೆ ಅದರ ಬೆನ್ನಲ್ಲೇ ಏಳುತ್ತದೆ.

ಶಾಸ್ತ್ರಿಗಳ 1940ರ ಗ್ರಂಥದ ಸ್ವರೂಪವನ್ನು ಗಮನಿಸಿದರೆ ಕಾಗದಪತ್ರಗಳ ಮಹತ್ವ ತಾನಾಗಿ ತಿಳಿಯುತ್ತದೆ. ಆಧಾರ ಸಂಗ್ರಹವೆಂದರೆ ಒಂದು ರಾಜವಂಶಕ್ಕೆ ಸಂಬಂಧಿಸಿದ ಶಾಸನಗಳ ಸಾಲುಗಳನ್ನೂ ಕಾವ್ಯಗಳ ಭಾಗಗಳನ್ನೂ ಮೂಲದಿಂದ ಆರಿಸಿ, ಕಾಲಾನುಕ್ರಮದಲ್ಲಿ ಜೋಡಿಸಿ ಕೊಡುವ ಗ್ರಂಥ. ಇಂಥ ಕೆಲಸದಲ್ಲಿ ತೊಡಗಿದವರು ಆರಿಸಿಕೊಂಡ ಸಾಲು ಒಂದಾದರೆ, ಓದಿ ತೂಗಿ ಬಿಟ್ಟ ಸಾಲುಗಳು ಹಲವಾಗಿರುತ್ತವೆ. ಆರಿಸಿದ್ದು ಅಚ್ಚಿನಲ್ಲಿ ಎಲ್ಲರಿಗೂ ಕಾಣುತ್ತದೆ. ಬಿಟ್ಟದ್ದು ಮತ್ತು ಬಿಡಲು ಕಾರಣವಾದ ವಿಚಾರ ಉಳಿಯುವುದು ಟಿಪ್ಪಣಿಯ ಹಾಳೆಯಲ್ಲಿ ಮಾತ್ರ. ಮುಂದಿನ ಸಂಶೋಧಕರು ಒಂದು ತೀರ್ಮಾನವನ್ನು ಒಪ್ಪಬೇಕೆ ತಿದ್ದಬೇಕೆ ಎಂದು ನಿರ್ಧರಿಸುವಾಗ ಹಿಂದಿನವರು ಯಾವ ಪಾಠಾಂತರವನ್ನು ನೋಡಿದ್ದರು, ಯಾವುದನ್ನು ನೋಡಿರಲಿಲ್ಲ ಎಂಬ ತಿಳಿವಳಿಕೆ ಅವರಿಗೆ ಅತ್ಯಗತ್ಯವಾಗುತ್ತದೆ. ಆ ತಿಳಿವಳಿಕೆ ಇಲ್ಲದಿದ್ದರೆ ಒಮ್ಮೆ ನಡೆದ ಶ್ರಮವನ್ನೇ ಮತ್ತೊಮ್ಮೆ ಮೊದಲಿನಿಂದ ಮಾಡಬೇಕಾಗುತ್ತದೆ.

ಇತಿಹಾಸದ ಅಧ್ಯಾಪಕರ ಕಾಗದಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಅಧ್ಯಯನದ ಕಾಗದಗಳು: ಗ್ರಂಥಗಳಿಂದ ಮಾಡಿಕೊಂಡ ಟಿಪ್ಪಣಿಗಳು, ವಂಶಾವಳಿಯ ಕರಡುಗಳು, ಕೈಯಿಂದ ಬರೆದ ನಕ್ಷೆಗಳು, ಕ್ಷೇತ್ರಕಾರ್ಯದ ದಿನಚರಿಗಳು, ಶಾಸನಗಳ ಪಡಿಯಚ್ಚುಗಳು. ಎರಡನೆಯದು ಬೋಧನೆಯ ಕಾಗದಗಳು: ಪಾಠದ ಟಿಪ್ಪಣಿಗಳು, ಪಠ್ಯಕ್ರಮದ ಕರಡುಗಳು, ಪ್ರಶ್ನೆಪತ್ರಿಕೆಗಳು, ಸ್ಟೆನ್ಸಿಲ್ ಕೊರೆದು ಸೈಕ್ಲೋಸ್ಟೈಲ್ ಯಂತ್ರದಲ್ಲಿ ತೆಗೆದು ವಿದ್ಯಾರ್ಥಿಗಳಿಗೆ ಹಂಚಿದ ಹಾಳೆಗಳು, ಅಧ್ಯಾಪಕರು ಷರಾ ಬರೆದ ವಿದ್ಯಾರ್ಥಿ ಪ್ರಬಂಧಗಳು. ಮೂರನೆಯದು ಸಂಪರ್ಕದ ಕಾಗದಗಳು: ಬಂದ ಪತ್ರಗಳು, ಕಳಿಸಿದ ಪತ್ರಗಳ ಕಾರ್ಬನ್ ಪ್ರತಿಗಳು, ಇತರ ವಿದ್ವಾಂಸರು ತಮ್ಮ ಲೇಖನಗಳನ್ನು ಬಿಡಿಯಾಗಿ ಅಚ್ಚುಹಾಕಿಸಿ ಕಳಿಸಿದ ಪ್ರತಿಗಳು, ಸಮ್ಮೇಳನಗಳ ನಡಾವಳಿಗಳು. ಬಾನುಲಿ ಭಾಷಣಗಳ ಬೆರಳಚ್ಚು ಪ್ರತಿಗಳೂ ಈ ರಾಶಿಗೇ ಸೇರುತ್ತವೆ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿಯನ್ನು ಆರಂಭಿಸಿದಂದಿನಿಂದ ಕನ್ನಡದ ಅಧ್ಯಾಪಕ ವರ್ಗಕ್ಕೂ ಬಾನುಲಿಗೂ ಹತ್ತಿರದ ನಂಟಿದೆ.

ಪಡಿಯಚ್ಚೆಂದರೆ ಕಲ್ಲಿನ ಮೇಲಿನ ಬರಹವನ್ನು ಕಾಗದಕ್ಕೆ ಇಳಿಸಿಕೊಳ್ಳುವ ವಿಧಾನ. ಕಲ್ಲನ್ನು ಚೆನ್ನಾಗಿ ತೊಳೆದು, ಗೆರೆಗಳಲ್ಲಿ ಸೇರಿದ ಮಣ್ಣನ್ನೂ ಪಾಚಿಯನ್ನೂ ಕುಂಚದಿಂದ ತೆಗೆದು, ನೆನೆಸಿದ ಕಾಗದವನ್ನು ಅದರ ಮೇಲೆ ಹರಡಿ, ಕಾಗದವು ಅಕ್ಷರಗಳ ತಗ್ಗಿನೊಳಕ್ಕೆ ಇಳಿಯುವಂತೆ ಗಟ್ಟಿ ಕುಂಚದಿಂದ ಬಡಿದು, ಸ್ವಲ್ಪ ಆರಿದ ಮೇಲೆ ಮಸಿಯ ಉಂಡೆಯನ್ನು ಮೆಲ್ಲಗೆ ಒತ್ತುತ್ತಾ ಹೋದರೆ, ಉಬ್ಬಿದ ಭಾಗವು ಕಪ್ಪಾಗಿ ಕೊರೆದ ಅಕ್ಷರಗಳು ಬಿಳಿಯಾಗಿಯೇ ಉಳಿಯುತ್ತವೆ. ಪಡಿಯಚ್ಚು ತೆಗೆದ ಬಳಿಕ ಕಲ್ಲು ಒಡೆದರೂ, ಗೋಡೆಗೆ ಸೇರಿದರೂ, ರಸ್ತೆಯ ಕೆಳಗೆ ಹೂತುಹೋದರೂ, ಆ ದಿನ ಆ ಕಲ್ಲಿನ ಮೇಲೆ ಎಷ್ಟು ಅಕ್ಷರಗಳಿದ್ದವೆಂಬುದಕ್ಕೆ ಆ ಕಾಗದವೇ ಸಾಕ್ಷಿ. ಅದರ ಅಂಚಿನಲ್ಲಿ ಬರೆದ ಊರಿನ ಹೆಸರು, ತಾರೀಖು, ಕಲ್ಲು ನಿಂತಿದ್ದ ಹೊಲದ ಗುರುತು ಇಷ್ಟೂ ಇದ್ದರೆ ಮಾತ್ರ ಸಾಕ್ಷ್ಯವು ಪೂರ್ಣವಾಗುತ್ತದೆ; ಅಂಚು ಹರಿದುಹೋದ ಪಡಿಯಚ್ಚಿನಲ್ಲಿ ಅಕ್ಷರಗಳಿದ್ದರೂ ಅವುಗಳಿಗೆ ನೆಲೆಯಿಲ್ಲ.

ಉತ್ತರ ಬೆಂಗಳೂರಿನ ಪರಿಸರದಲ್ಲಿ ಈ ಮಾತಿಗೆ ವಿಶೇಷವಾದ ಅರ್ಥವಿದೆ. ಶಾಸನತಜ್ಞ ಬಿ.ಎಲ್. ರೈಸ್ ಅವರ ನೇತೃತ್ವದಲ್ಲಿ 1886ರಿಂದ ಮೊದಲ್ಗೊಂಡು ಹೊರಬಂದ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳು ಸೇರಿವೆ. ಅವುಗಳಲ್ಲಿ 1905ರಲ್ಲಿ ಪ್ರಕಟವಾದ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದು. ಆದರೂ ಆ ಸಂಪುಟಕ್ಕೆ ಸಿಗದೆ ಉಳಿದ ಕಲ್ಲುಗಳಿದ್ದವೆಂಬುದು 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗಾಗಿ ನೆಲ ಅಗೆದಾಗ ಗಂಗರ ಶ್ರೀಪುರುಷನ ಕಾಲದ, ಕ್ರಿ.ಶ. ಸುಮಾರು 750ರ, ಕಿಟ್ಟಯ್ಯನೆಂಬ ವೀರನ ಶಾಸನ ದೊರೆತಾಗ ಸ್ಪಷ್ಟವಾಯಿತು. ಒಂದು ಶತಮಾನದಲ್ಲಿ ಹಳ್ಳಿಗಳು ಬಡಾವಣೆಗಳಾಗಿ, ಕೆರೆಯಂಗಳಗಳು ನಿಲ್ದಾಣಗಳಾಗಿ, ಹೊಲಗಳು ಕೈಗಾರಿಕಾ ಪ್ರದೇಶಗಳಾಗಿ ಬದಲಾದ ಈ ಸೀಮೆಯಲ್ಲಿ, ಇತಿಹಾಸದ ಅಧ್ಯಾಪಕರು ರಜೆಯ ದಿನಗಳಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಸುತ್ತಿ ಬರೆದಿಟ್ಟ ಕ್ಷೇತ್ರಕಾರ್ಯದ ಪುಸ್ತಕವೊಂದು ಉಳಿದಿದ್ದರೆ, ಇಂದು ಕಾಣದ ಗುಡಿ, ಕಟ್ಟೆ, ವೀರಗಲ್ಲುಗಳ ನೆಲೆಯನ್ನು ಅದರಿಂದ ಗುರುತಿಸಬಹುದು. ಬೆಂಗಳೂರಿನ ಸಂಶೋಧನ ಸಂಸ್ಥೆಯಾದ ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳ ಸ್ಕ್ಯಾನಿಂಗ್ ಮೂಲಕ ದಾಖಲಿಸುತ್ತಿರುವ ಯೋಜನೆ ಕಲ್ಲುಗಳ ಮಟ್ಟಿಗೆ ದೊಡ್ಡ ಸೇವೆ. ಅದೇ ಕಾಳಜಿ ಆ ಕಲ್ಲುಗಳನ್ನು ಹಿಂದೆ ಓದಿದವರ ಕಾಗದಗಳಿಗೂ ಸಲ್ಲಬೇಕಾಗಿದೆ.

ಬೋಧನೆಯ ಕಾಗದಗಳ ಬೆಲೆ ಅಧ್ಯಯನದ ಕಾಗದಗಳಿಗಿಂತ ಕಡಿಮೆಯೆಂದು ಎಣಿಸುವುದು ರೂಢಿ; ಆದರೆ ಸಮಾಜವೊಂದು ತನ್ನ ಇತಿಹಾಸವನ್ನು ಹೇಗೆ ಅರಿತಿತ್ತೆಂಬುದನ್ನು ತಿಳಿಯಲು ಅವುಗಳಷ್ಟು ನೇರವಾದ ಸಾಧನ ಬೇರೊಂದಿಲ್ಲ. ಸಂಶೋಧನ ಗ್ರಂಥವೊಂದನ್ನು ಓದುವವರು ಕೆಲವರು. ತರಗತಿಯಲ್ಲಿ ಪಾಠ ಕೇಳಿ ಹೊರಬಂದು ಶಿಕ್ಷಕರೂ ಅಧಿಕಾರಿಗಳೂ ವಕೀಲರೂ ಪತ್ರಕರ್ತರೂ ಆದವರು ಸಾವಿರಾರು ಮಂದಿ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದ ಇತಿಹಾಸದ ಪ್ರಶ್ನೆಪತ್ರಿಕೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ನೋಡಿದರೆ, ಇಂಗ್ಲೆಂಡಿನ ಸಂವಿಧಾನದ ಇತಿಹಾಸಕ್ಕೆ ಎಷ್ಟು ಸ್ಥಾನವಿತ್ತು, ಕರ್ನಾಟಕದ ಇತಿಹಾಸವು ಪ್ರತ್ಯೇಕ ಪತ್ರಿಕೆಯಾಗಿ ಯಾವಾಗ ಬಂದಿತು, ಏಕೀಕರಣದ ಬಳಿಕ ಕಲ್ಯಾಣ ಕರ್ನಾಟಕದ ಮತ್ತು ಕರಾವಳಿಯ ಸಂಗತಿಗಳು ಪಾಠದೊಳಕ್ಕೆ ಹೇಗೆ ಪ್ರವೇಶಿಸಿದವು ಎಂಬುದನ್ನೆಲ್ಲ ಊಹೆಯಿಲ್ಲದೆ ಹೇಳಬಹುದು. ಇಂಗ್ಲಿಷಿನಲ್ಲಿ ಪಾಠ ಮಾಡಿ ಕನ್ನಡದಲ್ಲಿ ಗ್ರಂಥ ಬರೆದ ಶ್ರೀಕಂಠಶಾಸ್ತ್ರಿಗಳಂಥವರ ಪೀಳಿಗೆಯಲ್ಲಿ ಪಾಠದ ಟಿಪ್ಪಣಿಯು ಎರಡು ಭಾಷೆಗಳ ನಡುವಿನ ಕಾರ್ಯಾಗಾರವೇ ಆಗಿದ್ದಿತು. ಕನ್ನಡದಲ್ಲಿ ಚರಿತ್ರೆಯನ್ನು ಹೇಳುವ ಗದ್ಯ ಬೆಳೆದ ಬಗೆಯನ್ನು ಅಭ್ಯಸಿಸುವವರಿಗೆ ಆ ಟಿಪ್ಪಣಿಗಳು ಕಾವ್ಯದ ಹಸ್ತಪ್ರತಿಗಳಷ್ಟೇ ಮುಖ್ಯ.

ಮಹಾರಾಜಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದು, ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರೂ ಆಗಿದ್ದ ಎಂ.ಎಚ್. ಕೃಷ್ಣ ಅವರ ಉದಾಹರಣೆ ಸಂಸ್ಥೆಯ ಶಿಸ್ತಿದ್ದರೆ ದಾಖಲೆ ಉಳಿಯುತ್ತದೆಂಬುದನ್ನು ತೋರಿಸುತ್ತದೆ. 1936ರಲ್ಲಿ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದ, ಚಂದ್ರವಳ್ಳಿಯಲ್ಲೂ ಬ್ರಹ್ಮಗಿರಿಯಲ್ಲೂ ಉತ್ಖನನ ನಡೆಸಿದ ಅವರ ಸಾರ್ವಜನಿಕ ಕೆಲಸವು ಇಲಾಖೆಯ ವಾರ್ಷಿಕ ವರದಿಗಳಲ್ಲಿ ಭದ್ರವಾಗಿ ಸೇರಿತು; ಅದಕ್ಕೆ ಕಾರಣ ಇಲಾಖೆಯು ವರದಿ ಬರೆಯುವುದನ್ನೂ ಅಚ್ಚುಹಾಕಿಸುವುದನ್ನೂ ಕರ್ತವ್ಯವೆಂದು ನಿಗದಿಗೊಳಿಸಿದ್ದುದು. ಹಲ್ಮಿಡಿ ಶಾಸನದ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಬಂದಾಗಲೆಲ್ಲ ಮೊದಲ ವರದಿಗೆ ಮರಳಿ ಹೋಗುವುದು ಸಾಧ್ಯವಾಗಿರುವುದೂ ಅದರಿಂದಲೇ. ಇಲಾಖೆಗೆ ಇದ್ದ ಈ ಶಿಸ್ತು ಕಾಲೇಜಿಗೂ ವಿಶ್ವವಿದ್ಯಾಲಯದ ವಿಭಾಗಗಳಿಗೂ ಇದ್ದಿದ್ದರೆ, ಒಂದು ಶತಮಾನದ ಬೋಧನೆಯ ದಾಖಲೆ ಇಂದು ಓದಲು ದೊರೆಯುತ್ತಿತ್ತು. ಮುಂಬಯಿಯ ಸಂತ ಜೇವಿಯರ್ ಕಾಲೇಜಿನಲ್ಲಿ 1926ರಲ್ಲಿ ಸಂಶೋಧನ ಸಂಸ್ಥೆಯನ್ನು ಆರಂಭಿಸಿ, ಮರುವರ್ಷವೇ ವಿಜಯನಗರದ ಅರವೀಡು ವಂಶವನ್ನು ಕುರಿತ ಗ್ರಂಥವನ್ನು ಹೊರತಂದ ಫಾದರ್ ಹೆನ್ರಿ ಹೆರಾಸ್ ಅವರು ಕಾಲೇಜಿನ ಗೋಡೆಗಳೊಳಗೇ ಗ್ರಂಥಾಲಯ, ವಸ್ತುಸಂಗ್ರಹ ಹಾಗೂ ಬೋಧನೆಯನ್ನು ಒಂದಾಗಿ ಬೆಳೆಸಿದರು. 1955ರಲ್ಲಿ ಅವರು ತೀರಿಕೊಂಡ ನಂತರವೂ ಅವರ ಹೆಸರಿನ ಸಂಸ್ಥೆ ಉಳಿದು ಬಂದಿರುವುದು ಕಾಲೇಜು ಮನಸ್ಸು ಮಾಡಿದರೆ ಏನಾಗಬಲ್ಲದೆಂಬುದಕ್ಕೆ ಸಾಕ್ಷಿ.

ಕಾಗದಗಳು ಪತ್ರಾಗಾರಕ್ಕೆ ಬಂದ ಮೇಲೆ ಅನುಸರಿಸುವ ನಿಯಮಗಳಲ್ಲಿ ಎರಡು ಮುಖ್ಯವಾದವು. ಒಬ್ಬರ ಕಾಗದಗಳನ್ನು ಇನ್ನೊಬ್ಬರ ಕಾಗದಗಳೊಡನೆ ಬೆರೆಸಬಾರದೆಂಬುದು ಮೂಲಸಂಬಂಧದ ನಿಯಮ. ಕಾಗದಗಳ ಒಡೆಯರು ಅವುಗಳನ್ನು ಇಟ್ಟುಕೊಂಡಿದ್ದ ಅನುಕ್ರಮವನ್ನು ಕೆಡಿಸಬಾರದೆಂಬುದು ಮೂಲಕ್ರಮದ ನಿಯಮ. ಮನೆಯವರು ಪ್ರೀತಿಯಿಂದಲೇ ಮಾಡುವ ಒಂದು ಕೆಲಸ ಈ ಎರಡನೆಯ ನಿಯಮಕ್ಕೆ ವಿರುದ್ಧವಾಗುತ್ತದೆ: ಕಟ್ಟುಗಳನ್ನು ಬಿಚ್ಚಿ, ಪ್ರಸಿದ್ಧರ ಪತ್ರಗಳನ್ನೆಲ್ಲ ಒಂದು ಕಡೆಗೂ ಉಳಿದ ಚೀಟಿಗಳನ್ನು ಇನ್ನೊಂದು ಕಡೆಗೂ ಹಾಕುವುದು. ಕದಂಬರ ಟಿಪ್ಪಣಿಯ ನಡುವೆ ಸಿಕ್ಕಿಸಿದ್ದ ಪತ್ರವೊಂದು ಆ ಟಿಪ್ಪಣಿಗೆ ಪ್ರೇರಣೆಯಾಗಿದ್ದಿರಬಹುದು. ಎರಡನ್ನೂ ಬೇರೆ ಮಾಡಿದ ಕೂಡಲೇ ಆ ಸಂಬಂಧ ಮತ್ತೆ ಕೂಡಿಬರದಂತೆ ಅಳಿಯುತ್ತದೆ. ಆದ್ದರಿಂದ ಕಟ್ಟು ಬಿಚ್ಚುವ ಮೊದಲು ಅದು ಇದ್ದ ಸ್ಥಿತಿಯಲ್ಲೇ ಒಂದು ಛಾಯಾಚಿತ್ರ ತೆಗೆದು, ಕಟ್ಟಿಗೊಂದು ಸಂಖ್ಯೆ ಕೊಟ್ಟು, ಒಳಗಿನ ಹಾಳೆಗಳಿಗೆ ಮೆತ್ತನೆಯ ಪೆನ್ಸಿಲಿನಿಂದ ಕ್ರಮಸಂಖ್ಯೆ ಹಾಕುವುದು ಒಳ್ಳೆಯದು. ಯಾವ ಪೆಟ್ಟಿಗೆಯಲ್ಲಿ ಯಾವ ಕಾಲದ ಯಾವ ವಿಷಯದ ಕಾಗದಗಳಿವೆಯೆಂದು ತಿಳಿಸುವ ಪಟ್ಟಿಗೆ ಶೋಧಸೂಚಿಯೆನ್ನಬಹುದು. ಶೋಧಸೂಚಿ ಇಲ್ಲದ ಸಂಗ್ರಹವು ಎಷ್ಟೇ ದೊಡ್ಡದಾಗಿದ್ದರೂ ಓದುಗರ ಪಾಲಿಗೆ ಬೀಗ ಹಾಕಿದ ಮನೆ.

ಕಾಗದದ ಆಯುಷ್ಯವೂ ವಿಚಾರಿಸಬೇಕಾದ ವಿಷಯ. ಇಪ್ಪತ್ತನೆಯ ಶತಮಾನದ ಅಗ್ಗದ ಕಾಗದಗಳಲ್ಲಿ ಬಹುಪಾಲು ಮರದ ತಿರುಳಿನಿಂದ ತಯಾರಾದಂಥವು. ಅವುಗಳಿಗೆ ಮಸಿ ಹರಡದಂತೆ ಮಾಡಲು ಪಟಿಕದ ಸಂಯುಕ್ತವನ್ನೂ ರಾಳವನ್ನೂ ಸೇರಿಸುತ್ತಿದ್ದುದರಿಂದ, ಕಾಲಕ್ರಮದಲ್ಲಿ ಕಾಗದದೊಳಗೇ ಆಮ್ಲ ಉಂಟಾಗಿ ನಾರುಗಳು ತುಂಡಾಗುತ್ತವೆ, ಹಾಳೆ ಹಳದಿಯಾಗಿ ಮಡಿಸಿದ ಕಡೆ ಮುರಿಯುತ್ತದೆ. ತುಕ್ಕು ಹಿಡಿಯುವ ಗುಂಡುಸೂಜಿ, ಅಂಟು ಕಂದುಬಣ್ಣಕ್ಕೆ ತಿರುಗುವ ಪಾರದರ್ಶಕ ಟೇಪು, ಬಿಗಿಯಾಗಿ ಕಟ್ಟಿದ ರಬ್ಬರ್ ಬ್ಯಾಂಡು, ಇವು ಮನೆಯೊಳಗಿನ ಶತ್ರುಗಳು. ತೇವ, ಗೆದ್ದಲು ಮತ್ತು ಬೆಳ್ಳಿಹುಳು ಹೊರಗಿನವು. ಸೂಜಿಗಳನ್ನು ತೆಗೆದು, ಆಮ್ಲರಹಿತ ಕಾಗದದ ಕಡತಗಳಲ್ಲಿಟ್ಟು, ನೆಲಕ್ಕೂ ಗೋಡೆಗೂ ತಾಗದ ಕಪಾಟಿನಲ್ಲಿ ಗಾಳಿಯಾಡುವಂತೆ ಇರಿಸಿದರೆ ಹಾಳೆಗಳು ಇನ್ನೊಂದು ತಲೆಮಾರನ್ನು ಸುಲಭವಾಗಿ ದಾಟುತ್ತವೆ. ಹರಿದ ಹಾಳೆಗೆ ಲ್ಯಾಮಿನೇಷನ್ ಮಾಡಿಸುವುದು ರಕ್ಷಣೆಯಂತೆ ತೋರಿದರೂ ಅದನ್ನು ಮತ್ತೆ ಬಿಡಿಸಲಾಗದ ಕಾರಣ ಅದರಿಂದ ದೂರವಿರುವುದೇ ಕ್ಷೇಮ. ಸ್ಕ್ಯಾನ್ ಮಾಡಿದ ಪ್ರತಿಯು ಓದುವ ಅನುಕೂಲವನ್ನು ಹೆಚ್ಚಿಸಿ ಮೂಲದ ಮೇಲಿನ ಕೈಬಳಕೆಯನ್ನು ಕಡಿಮೆ ಮಾಡುತ್ತದೆ. ಆದರೆ ಡಿಜಿಟಲ್ ಕಡತಗಳಿಗೂ ಎರಡು ಮೂರು ಕಡೆ ನಕಲುಗಳೂ ಕಾಲಕಾಲಕ್ಕೆ ಪರಿಶೀಲನೆಯೂ ಬೇಕಾಗುವುದರಿಂದ, ಸ್ಕ್ಯಾನ್ ಆಯಿತೆಂದು ಮೂಲವನ್ನು ಎಸೆಯುವುದು ಸರಿಯಲ್ಲ.

ಹಕ್ಕು ಮತ್ತು ಗೌಪ್ಯತೆಯ ಪ್ರಶ್ನೆಗಳನ್ನೂ ಮೊದಲೇ ಇತ್ಯರ್ಥಗೊಳಿಸಬೇಕಾಗುತ್ತದೆ. 1957ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರ ಜೀವಿತಾವಧಿಯಲ್ಲಿ ಪ್ರಕಟವಾದ ಬರಹದ ಹಕ್ಕು ಅವರ ಮರಣದ ಮುಂದಿನ ವರ್ಷಾರಂಭದಿಂದ 60 ವರ್ಷ ಉಳಿಯುತ್ತದೆ. 1974ರಲ್ಲಿ ತೀರಿಕೊಂಡವರ ಇಂಥ ಬರಹಗಳ ಹಕ್ಕು 2034ರ ಕೊನೆಯವರೆಗೆ ವಾರಸುದಾರರಲ್ಲಿರುತ್ತದೆಂದು ಇದರ ಅರ್ಥ. ಮರಣಾನಂತರ ಮೊದಲ ಬಾರಿಗೆ ಪ್ರಕಟವಾಗುವ ಬರಹಕ್ಕೆ ಆ 60 ವರ್ಷಗಳ ಎಣಿಕೆ ಪ್ರಕಟಣೆಯಿಂದ ಆರಂಭವಾಗುತ್ತದೆ. ಪತ್ರದ ಕಾಗದವು ಅದನ್ನು ಪಡೆದವರ ಸ್ವತ್ತಾದರೂ ಅದರ ಬರಹದ ಹಕ್ಕು ಬರೆದವರದೇ ಆಗಿರುವುದರಿಂದ, ಬಂದ ಪತ್ರಗಳನ್ನು ಓದಲು ಕೊಡುವುದು ಒಂದು, ಅಚ್ಚುಹಾಕಿಸುವುದು ಇನ್ನೊಂದು. ವಿದ್ಯಾರ್ಥಿಗಳ ಅಂಕಪಟ್ಟಿ, ನೇಮಕಾತಿಗೆ ಬರೆದ ಗುಪ್ತ ಶಿಫಾರಸು, ಕುಟುಂಬದ ಸಂಗತಿಗಳಿರುವ ಪತ್ರ ಇವುಗಳನ್ನು ನಾಶಮಾಡುವ ಬದಲು ನಿಗದಿತ ವರ್ಷಗಳ ಕಾಲ ಮುಚ್ಚಿಡುವ ಷರತ್ತಿನ ಮೇಲೆ ಒಪ್ಪಿಸಬಹುದು. ಎಲ್ಲ ಒಳ್ಳೆಯ ಪತ್ರಾಗಾರಗಳೂ ಅಂಥ ಷರತ್ತನ್ನು ಗೌರವಿಸುತ್ತವೆ.

ಇಂಥ ಸಂಗ್ರಹಗಳಿಗೆ ನೆಲೆಯಾಗಬಲ್ಲ ಸಂಸ್ಥೆಗಳು ಬೆಂಗಳೂರಿನಲ್ಲಿ ಇಲ್ಲದಿಲ್ಲ. ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯಿದೆ. 1909ರಲ್ಲಿ ಸ್ಥಾಪಿತವಾಗಿ ನೃಪತುಂಗ ರಸ್ತೆಯ ಡೇಲಿ ಸ್ಮಾರಕ ಭವನದಲ್ಲಿ ನೆಲೆಸಿರುವ ಮಿಥಿಕ್ ಸೊಸೈಟಿಯಿದೆ. ಅದರ ತ್ರೈಮಾಸಿಕವನ್ನು ಸಂಪಾದಿಸಿದ, ರಾಜ್ಯ ಗ್ಯಾಸೆಟಿಯರಿನ ಪ್ರಧಾನ ಸಂಪಾದಕರೂ ಬೆಂಗಳೂರು ವಿಶ್ವವಿದ್ಯಾಲಯದ ಅಧ್ಯಾಪಕರೂ ಆಗಿದ್ದ ಸೂರ್ಯನಾಥ ಕಾಮತ್ ಅವರಂಥವರು ತರಗತಿ, ಕಚೇರಿ, ಸಂಶೋಧನೆ ಈ ಮೂರನ್ನೂ ಒಂದೇ ಬಾಳಿನಲ್ಲಿ ನಡೆಸಿದ ಪರಂಪರೆಯೂ ಇದೆ. ಉತ್ತರ ಬೆಂಗಳೂರಿನಲ್ಲೇ, ಬಳ್ಳಾರಿ ರಸ್ತೆಯ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ 2019ರಲ್ಲಿ ತೆರೆದ ಪತ್ರಾಗಾರವು ವಿಜ್ಞಾನಿಗಳ ಪ್ರಯೋಗ ಟಿಪ್ಪಣಿಗಳನ್ನೂ ಪತ್ರಗಳನ್ನೂ ಛಾಯಾಚಿತ್ರಗಳನ್ನೂ ಸಂಗ್ರಹಿಸಿ ಸಾರ್ವಜನಿಕರ ಓದಿಗೆ ಒದಗಿಸುತ್ತಿದೆ. ತಮ್ಮ ಶಾಸ್ತ್ರದ ಇತಿಹಾಸ ಉಳಿಯಬೇಕೆಂದು ಜೀವವಿಜ್ಞಾನಿಗಳು ಇಷ್ಟು ಕಾಳಜಿ ವಹಿಸಿರುವಾಗ, ಇತಿಹಾಸವನ್ನೇ ವೃತ್ತಿಯಾಗಿಸಿಕೊಂಡ ವಿಭಾಗಗಳು ಹಿಂದುಳಿಯುವುದಕ್ಕೆ ಸಮರ್ಥನೆ ಸಿಗುವುದು ಕಷ್ಟ.

ಆದುದರಿಂದ ಪ್ರತಿಯೊಂದು ವಿಶ್ವವಿದ್ಯಾಲಯದ ಇತಿಹಾಸ ವಿಭಾಗವೂ ನಿವೃತ್ತರಾಗುವ ಅಧ್ಯಾಪಕರಿಂದ ಅವರ ಅಧ್ಯಯನದ ಮತ್ತು ಬೋಧನೆಯ ಕಾಗದಗಳನ್ನು ಲಿಖಿತ ಒಪ್ಪಂದದೊಡನೆ ಸ್ವೀಕರಿಸುವ ಪದ್ಧತಿಯನ್ನು ಆರಂಭಿಸಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಅವುಗಳ ಶೋಧಸೂಚಿ ಸಿದ್ಧಪಡಿಸುವುದನ್ನು ಪಠ್ಯದ ಭಾಗವಾಗಿ ಒಪ್ಪಿಸಿದರೆ ಸಂಗ್ರಹವೂ ಬೆಳೆಯುತ್ತದೆ, ಆಧಾರ ಪರಿಶೀಲನೆಯ ಶಿಕ್ಷಣವೂ ನಡೆಯುತ್ತದೆ. ಉತ್ತರ ಬೆಂಗಳೂರಿನ ಗೊರಗುಂಟೆಪಾಳ್ಯ, ಯಶವಂತಪುರ, ಯಲಹಂಕಗಳ ಕಾಲೇಜುಗಳಲ್ಲಿ ಪಾಠ ಮಾಡಿದ ಅಧ್ಯಾಪಕರ ಮನೆಗಳಲ್ಲಿ ಟ್ರಂಕಿನ ತುಂಬ ಹಾಳೆಗಳಿದ್ದರೆ, ಅವರು ಪ್ರಸಿದ್ಧರಲ್ಲವೆಂಬ ಕಾರಣಕ್ಕೆ ಅವುಗಳನ್ನು ಕಡೆಗಣಿಸುವುದು ತರವಲ್ಲ. ಆ ಭಾಗದ ಕಾರ್ಖಾನೆಗಳ ಕಾರ್ಮಿಕರ ಮಕ್ಕಳಿಗೆ ಮೊದಲ ಬಾರಿಗೆ ತಮ್ಮ ನೆಲದ ಚರಿತ್ರೆಯನ್ನು ಹೇಳಿಕೊಟ್ಟವರು ಅವರೇ, ಮತ್ತು ಆ ಪಾಠ ಹೇಗಿತ್ತೆಂಬುದು ನಾಡಿನ ಚರಿತ್ರೆಯ ಭಾಗವೇ ಆಗಿದೆ. ಶಾಸನವೊಂದರ ಅಕ್ಷರ ಅಳಿದರೆ ಮರುಗುವ ವಿದ್ವತ್ ಲೋಕವು ಆ ಅಕ್ಷರವನ್ನು ಓದಲು ಕಲಿಸಿದವರ ಹಾಳೆ ಅಳಿದಾಗಲೂ ಅಷ್ಟೇ ಮರುಗುವಂತಾಗಬೇಕು. ಆಧಾರವಿಲ್ಲದೆ ಮಾತಾಡಬಾರದೆಂದು ಜೀವಮಾನವಿಡೀ ಬೋಧಿಸಿದ ಅಧ್ಯಾಪಕರಿಗೆ ಅವರದೇ ಕೆಲಸದ ಆಧಾರಗಳನ್ನು ಉಳಿಸಿಕೊಡುವುದು ಅವರ ಶಿಷ್ಯರೂ ಸಂಸ್ಥೆಗಳೂ ಸಲ್ಲಿಸಬೇಕಾದ ಋಣ.